ಏಳು ಕ್ಲಿಪ್ಪು

ಮಾಪುಸಾದ ಈ ಲಾಂಡ್ರಿಗೆ
ದಂಡೆಯ ಹೊಟೇಲುಗಳ ಹಾಸಿಗೆಯೆಲ್ಲ ಬಂದು ಬೀಳುತ್ತದೆ,
ಮರಳು, ವೈನು, ಯಾರದೋ ಕಾಡಿಗೆ.
ಹದಿನಾಲ್ಕು ಮಂದಿ ನಾವು. ಡ್ರಮ್ಮುಗಳ ಸದ್ದಿಗೆ
ಎಲ್ಲರೂ ಕೂಗಿಯೇ ಮಾತಾಡುವುದು,
ಉಪ್ಪಿನಕಾಯಿ ಕೊಡು ಅನ್ನುವುದನ್ನೂ ಜಗಳದ ಹಾಗೆ.
ಹಾಗಾಗಿ ನಿಜವಾದ ಕೂಗು ಯಾವುದೆಂದು ತಿಳಿಯಲಿಲ್ಲ
ಅಂತ ಮೊದಲು ಬರೆದಿದ್ದೆ.
ಹೊಡೆದುಹಾಕಿದ್ದೇನೆ. ತಿಳಿದಿತ್ತು.

ಹುಲಿಗೆಮ್ಮ, ಕುಷ್ಟಗಿ ಕಡೆಯವಳು,
ಇಸ್ತ್ರಿ ರೋಲರಿನ ಮುಂದೆ ನಿಲ್ಲುವವಳು,
ಮಂಗಳವಾರ ಹೇಳಿದ್ದಳು:
"ಅಣ್ಣಾ, ತಡೆಪಟ್ಟಿ ಮುಟ್ಟಿದ್ರೂ ಯಂತ್ರ ನಿಂದರವಲ್ದು."
ನಾನು ಹೇಳಿದ್ದು: "ಅಂಜಿಕಿ ಇದ್ರ ಮನ್ಯಾಗ ರೊಟ್ಟಿ ಬಡಿ."
ಎಲ್ಲರೂ ನಕ್ಕರು. ನಗಲಿ ಅಂತಲೇ ಹೇಳಿದ್ದು.
ಗುರುವಾರ ಅವಳ ಎಡಗೈಯ ಎರಡು ಬೆರಳು
ಬಿಳಿ ದುಪ್ಪಟಿಯ ಜೊತೆ ಒಳಗೆ ಹೋದವು.

ಶನಿವಾರ ಮಧ್ಯಾಹ್ನ
ಪಿಯೆದಾದ್ ಬಾಯಿ ಮೇನ್ ಸ್ವಿಚ್ ಇಳಿಸಿದಳು.
ಮೂವತ್ತು ವರ್ಷ ಇಲ್ಲಿ ಮಡಚಿದವಳು,
ನಮ್ಮ ಕನ್ನಡ ಕಲಿತು ಅದಕ್ಕೆ ಕೊಂಕಣಿಯ ರಾಗ ಹಚ್ಚಿದವಳು.
ಸದ್ದು ನಿಂತಿತು. ಯಾರೋ "ಈಗೇನ್ರೀ?" ಅಂದದ್ದು
ಗೋಡೆಗೆ ಬಡಿದು ವಾಪಸು ಬಂತು.
ನಮ್ಮ ದನಿ ಇಷ್ಟು ದೊಡ್ಡದೇ ಅಂತ ನಮಗೇ ನಾಚಿಕೆ.

ಬಾಗಿಲು ತೆರೆದಿರಲಿ, ಅಂದಳು ಬಾಯಿ.
ಹುಲಿಗೆಮ್ಮ ಅದರ ಪಕ್ಕ, ಚಪ್ಪಲಿ ಹಾಕಿಕೊಂಡೇ ಕೂರಲಿ,
ಸಾಕೆನಿಸಿದಾಗ ಏಳಲಿ, ಯಾಕೆಂದು ಯಾರೂ ಕೇಳಕೂಡದು.
ಆಮೇಲೆ ನನ್ನ ಕಡೆ: ನೀನು ಸ್ಟೂಲಿನಿಂದ ಇಳಿ.
ಒದ್ದೆ ಸಿಮೆಂಟು. ಕೂತೆ. ಪ್ಯಾಂಟು ನೆನೆಯಿತು.

"ತಪ್ಪಾತು ತಂಗೀ," ಅಂದೆ.
ಪಟ್ಟಿ ಕಟ್ಟಿದ ಕೈಯನ್ನು ಅವಳು ಮೊಣಕಾಲ ಮೇಲೆ ಎತ್ತಿಟ್ಟಿದ್ದಳು,
ಇಳಿಬಿಟ್ಟರೆ ಜುಮ್ಮೆನ್ನುತ್ತದಂತೆ.
"ಅದು ಬ್ಯಾಡ," ಅಂದಳು.
"ಮಂಗಳವಾರ ನಾ ಏನ್ ಹೇಳಿದ್ನಿ,
ಅದನ್ನ ನಿನ್ನ ಬಾಯಿಲೆ ಹೇಳು."

ಸುಲಭ ಅಂದುಕೊಂಡೆ.
"ಯಂತ್ರ ಸರಿ ಇಲ್ಲಂದಿ, ಆದ್ರ ಅವತ್ತು ಮೂರು ಗಾಡಿ ಮಾಲು..."
ಬಾಯಿ ಒಂದು ಕ್ಲಿಪ್ಪು ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು.
"ನೀ ಹೇಳಿದ್ದು ಖರೇ, ಆದ್ರ ಮೆಕ್ಯಾನಿಕ್ ಪಣಜಿಯಿಂದ..."
ಇನ್ನೊಂದು ಕ್ಲಿಪ್ಪು.
"ಚಾಷ್ಟಿಗೆ ಅಂದ್ನಿ, ಆದ್ರ ನಕ್ಕಾವ್ರು ಇವರೂ..."
ಹಗ್ಗದ ಮೇಲೆ ಏಳು ಕೂತಾಗ ಗೊತ್ತಾಯಿತು
ಅವಳು ಎಣಿಸುತ್ತಿದ್ದದ್ದು ನನ್ನ "ಆದ್ರ"ಗಳನ್ನು.

ಮೇಜಿನಾಚೆ ಶಿವಪುತ್ರ ಕೆಮ್ಮಿದ:
"ನಾನೂ ನಕ್ಕಿದ್ದೆ. ಆ ಪಟ್ಟಿ ಕೆಟ್ಟದ್ದು ನನಗೂ ಗೊತ್ತಿತ್ತು.
ಹೇಳಿದ್ರ ನನ್ನ ಮ್ಯಾಲೂ ನಗತಾರಂತ..."
ಮುಗಿಸಲಿಲ್ಲ.
ಅದಕ್ಕೆ ಬಾಯಿ ಕ್ಲಿಪ್ಪು ಸಿಕ್ಕಿಸಲಿಲ್ಲ.

ಎಂಟನೆಯ ಸಲ, ನೆಲ ನೋಡುತ್ತ:
"ತಡೆಪಟ್ಟಿ ಮುಟ್ಟಿದ್ರೂ ಯಂತ್ರ ನಿಂದರವಲ್ದು ಅಂದಿ.
ನಾ ಮಂದಿನ್ನ ನಗಿಸಿದ್ನಿ."
ಅದರಾಚೆ ಬಾಯೊಳಗೆ ಇನ್ನೂ ಏನೇನೋ ಇತ್ತು. ನುಂಗಿದೆ.
ಅವಳು ತಲೆ ಆಡಿಸಲಿಲ್ಲ, ಇರಲಿ ಬಿಡು ಅನ್ನಲಿಲ್ಲ.
"ಬುಕ್ಕಿನ್ಯಾಗ ಬರಿ," ಅಂದಳು.
ಎದ್ದು ಹೋದಳು. ಚಪ್ಪಲಿ ಹುಡುಕಬೇಕಿರಲಿಲ್ಲ.

ಬರೆದೆ, ಡ್ಯೂಟಿ ರಿಜಿಸ್ಟರಿನಲ್ಲಿ, ತಾರೀಖು ಹಾಕಿ,
ಅವಳ ಮಾತು, ನನ್ನ ಮಾತು, ಕೆಳಗೆ ಸಹಿ.
ಮಾಲೀಕ ಓದುತ್ತಾನೆ.
ಓದಲಿ.

ಮೂರು ವಾರದ ಮೇಲೆ ರೋಲರಿಗೆ ಕೆಂಪು ಗುಂಡಿ ಬಂತು,
ಯಾರು ಬೇಕಾದರೂ ಒತ್ತಬಹುದು.
ಮೊದಲ ದಿನ ಹನ್ನೊಂದು ಸಲ ನಿಂತಿತು ಯಂತ್ರ.
ಎಂಟು ಸಲ ಏನೂ ಆಗಿರಲಿಲ್ಲ.
ಹನ್ನೊಂದು ಸಲವೂ ಎದ್ದು ಹೋಗಿ ನೋಡಿದೆ.
ಕಲಂಗುಟದಿಂದ ಫೋನು, ದುಪ್ಪಟಿ ಎಲ್ಲಿ ಅಂತ.
ತಡವಾಗತದ, ಅಂದೆ, ಮೆಲ್ಲಗೆ.
ಕೇಳಿಸ್ತಿಲ್ಲ, ಜೋರಾಗಿ ಹೇಳಿ, ಅಂದರು ಆ ಕಡೆಯವರು.